ಇಂದಿನ ಚಿಂತನೆ: ಎತ್ತರದ ಕಡೆ



ಮೊಮ್ಮಕ್ಕಳಿಗೆಂದು ನೆಲದ ಮೇಲೆ ಇಡುವ ಈಜುಕೊಳವೊಂದನ್ನು ತಂದೆವು. ಮೂಡುಬಿದಿರೆಯ ನಮ್ಮ ಅಂಗಳ ಇಳಿಜಾರು. ತಗ್ಗಿನ ಕಡೆ ನಾಲ್ಕು ಬುಟ್ಟಿ ಮಣ್ಣು ಸುರಿದರೆ ಸಾಕು ಎಂದೆ. ಕೆಲಸಕ್ಕೆ ಬಂದವರು ಒಪ್ಪಲಿಲ್ಲ. ಹತ್ತು ಅಡಿ ಅಗಲದ ಕೊಳದಲ್ಲಿ ಎರಡೂವರೆ ಅಡಿ ನೀರು ನಿಂತರೆ ಐದು ಟನ್ನಿಗೂ ಹೆಚ್ಚು ಭಾರ. ಸುರಿದ ಮಣ್ಣು ಕುಸಿಯುತ್ತದೆ, ನೀರು ಒಂದೇ ಕಡೆ ಒತ್ತಿ ಗೋಡೆ ಬಾಗುತ್ತದೆ. ತಗ್ಗನ್ನು ತುಂಬಿಸುವುದಲ್ಲ, ಎತ್ತರವನ್ನು ಕಡಿಯಬೇಕು ಎಂದರು. ಎತ್ತರದ ಕಡೆ ಬರೀ ಮುರಕಲ್ಲು. ಎರಡು ದಿನ ಪಿಕ್ಕಾಸು ಹಿಡಿದೆವು. ಕಣ್ಣಿಗೆ ಸಮವಾಗಿ ಕಂಡ ನೆಲ, ಪೈಪಿಗೆ ನೀರು ತುಂಬಿ ಮಟ್ಟ ನೋಡಿದಾಗ ಇನ್ನೂ ಮೂರು ಬೆರಳು ಓರೆಯಿತ್ತು.

1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ, ಮನುಷ್ಯರೆಲ್ಲ ಸಮಾನರೆಂದು ನಂಬುವುದು ಒಂಬತ್ತನೆಯದು. ಸಮತೆಯನ್ನು ಸ್ಥಾಪಿಸಲು ಶ್ರಮಿಸುವುದು ಹತ್ತನೆಯದು. ನಂಬಿಕೆಯೊಂದೇ ಸಾಕಾಗಿದ್ದರೆ ಹತ್ತನೆಯದು ಬೇಕಿರಲಿಲ್ಲ. ದೀಕ್ಷೆಯ ದಿನ ನಾನು ಎರಡನ್ನೂ ಹೇಳಿದ್ದೆ. ಆದರೂ ಮಗಳಿಗೆ ಬೌದ್ಧ ಮನೆಯಿಂದಲೇ ಸಂಬಂಧ ಬಂದಾಗ, "ಮೊದಲು ಅವರದು ಯಾವ ಜಾತಿ?" ಎಂದು ಕೇಳಿದವನು ನಾನೇ. ಅವರು ಮತ್ತೆ ಬರಲಿಲ್ಲ.

ನಮ್ಮನ್ನು ತಗ್ಗಿನಲ್ಲಿಟ್ಟವರ ಎತ್ತರವನ್ನು ಕಡಿಯುವ ಹೋರಾಟ ನಿಲ್ಲಬಾರದು. ಆದರೆ ನನ್ನೊಳಗಿನ ದಿಬ್ಬಕ್ಕೆ ಪಿಕ್ಕಾಸು ಹಾಕಬೇಕಾದವನು ನಾನೇ. ಒಳ್ಳೆಯ ಮಾತಿನ ಸಡಿಲ ಮಣ್ಣಿನಿಂದ ಅದನ್ನು ಮುಚ್ಚಿಟ್ಟರೆ, ಭಾರ ಬಿದ್ದ ದಿನ ಓರೆ ಹೊರಗೆ ಬರುತ್ತದೆ.

ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ: ನನ್ನಲ್ಲಿ ಯಾವ ಕಡೆ ಎತ್ತರ?

ಭವತು ಸಬ್ಬ ಮಂಗಲಂ.