ಎಣ್ಣೆ ಮುಟ್ಟದ ತಲೆ

“ನಾಳೆ ಏಕಾದಶಿ. ದೇವದಾರು ಎಣ್ಣಿ ತಲಿಗೆ ಹಚ್ಚಬಹುದೇನು, ದೊಡ್ಡಮ್ಮ?”

ಹೈದರಾಬಾದಿನ ಕಾಚಿಗುಡದಲ್ಲಿ ಹುಟ್ಟಿ ಬೆಳೆದ ತಂಗಿಯ ಮಗಳು ಕೇಳಿದ್ದು. ಏಕಾದಶಿಗೆ ಎಣ್ಣೆ ಮುಟ್ಟಬಾರದೆಂದು ಮಾಧ್ವರ ಮನೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಆದರೆ ಅವಳ ಕೂದಲು ಅಲ್ಲಲ್ಲಿ ಬಿಲ್ಲೆಬಿಲ್ಲೆಯಾಗಿ ಉದುರಿದೆ. ಆಯುರ್ವೇದದವರು ಇಂದ್ರಲುಪ್ತ ಎನ್ನುವ ತೊಂದರೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ವೈದ್ಯರು ಇಂಥ 86 ಜನರನ್ನು ಏಳು ತಿಂಗಳು ಪರೀಕ್ಷಿಸಿದರು. ಸೀಡರ್, ರೋಸ್‌ಮೇರಿ, ಲ್ಯಾವೆಂಡರ್, ಥೈಮ್ ತೈಲಗಳ ಮಿಶ್ರಣವನ್ನು ದಿನಾ ತಿಕ್ಕಿಕೊಂಡವರಲ್ಲಿ ನೂರಕ್ಕೆ 44 ಮಂದಿಗೆ ಗುಣ ಕಂಡಿತು. ಈ ತೈಲಗಳಿಲ್ಲದ ಬರೀ ಮೂಲ ಎಣ್ಣೆ ಹಚ್ಚಿದವರಲ್ಲಿ ನೂರಕ್ಕೆ 15 ಮಂದಿಗೆ. ಸೀಡರ್ ಒಂದರದೇ ಪ್ರತಾಪ ಎನ್ನುವಂತಿಲ್ಲ. ಅಂಗಡಿಯಲ್ಲಿ ಸೀಡರ್ ಎಂದು ಕೊಡುವುದೆಲ್ಲ ನಮ್ಮ ಹಿಮಾಲಯದ ದೇವದಾರುವೂ ಅಲ್ಲ. ಎಷ್ಟೋ ಸೀಸೆಗಳಲ್ಲಿರುವುದು ಅಮೆರಿಕದ ಜೂನಿಪರ್ ಮರದ ತೈಲ, ಹಿಂದೆ ಪೆನ್ಸಿಲ್ ಮಾಡುತ್ತಿದ್ದ ಮರ.

ಮೂವತ್ತು ಮಿಲಿ ಕೊಬ್ಬರಿ ಎಣ್ಣೆಗೆ ಹತ್ತು ಹನಿ, ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡು ಎಂದೆ. ಏಕಾದಶಿಯ ಮಾತು ಅವಳಿಗೇ ಬಿಟ್ಟೆ. ಔಷಧವೆಂದು ಹಚ್ಚಿದರೆ ದೋಷವಿಲ್ಲ, ಬಿಟ್ಟರೆ ನಷ್ಟವೇನೂ ಆಗದು. ಅವಳು ಬಿಟ್ಟಳು.

ನನ್ನ ತಲೆಯಲ್ಲಿ ಉಳಿದದ್ದು ಬೇರೆ. ಅಭ್ಯಂಗವನ್ನು ನಿತ್ಯ ಮಾಡಬೇಕು, ಅದರಲ್ಲೂ ತಲೆ, ಕಿವಿ, ಅಂಗಾಲಿಗೆ ಎಣ್ಣೆ ತಪ್ಪಿಸಬಾರದು ಎನ್ನುತ್ತಾನೆ ಆಯುರ್ವೇದದ ವಾಗ್ಭಟ. ಮನುಸ್ಮೃತಿ ಬ್ರಹ್ಮಚಾರಿಗೆ ಅದೇ ಅಭ್ಯಂಗವನ್ನೂ ಗಂಧ, ಮಾಲೆಗಳನ್ನೂ ನಿಷೇಧಿಸುತ್ತದೆ. ಇವೆರಡು ಜಗಳವಾಡುತ್ತಿಲ್ಲ. ದೇಹವನ್ನು ನೋಡಿಕೊಳ್ಳುವುದು ಒಂದು ಧರ್ಮ, ಕೆಲಕಾಲ ಅದರ ಸುಖ ಬಿಡುವುದು ಇನ್ನೊಂದು. ವಿದ್ಯೆ ಮುಗಿದು ಸಮಾವರ್ತನವಾದಾಗ ಹುಡುಗನಿಗೆ ಸ್ನಾನ, ಗಂಧ, ಮಾಲೆ ಎಲ್ಲ ಮರಳುತ್ತವೆ. ತಿರುಮಲದಲ್ಲಿ ಮುಡಿ ಕೊಟ್ಟವರದೂ ಮತ್ತೆ ಬೆಳೆಯುತ್ತದೆ.

ರಾಯಚೂರಿನ ನಮ್ಮಜ್ಜಿ ಮಡಿ ಹೆಂಗಸು. ಚಿಕ್ಕ ವಯಸ್ಸಿಗೇ ಗಂಡ ಹೋದ, ಕೂದಲು ಹೋಯಿತು, ಕೆಂಪು ಸೀರೆ ಬಂತು. ಬೇಸಿಗೆಯಲ್ಲಿ ನೆತ್ತಿಯ ಚರ್ಮ ಬಿರಿದು ಹೊಟ್ಟೇಳುತ್ತಿತ್ತು. ಕತ್ತಿ ತಾಗಿದ ಕಡೆ ಚಿಟಿಕೆ ಅರಿಶಿನ ಒತ್ತಿ, ಸೆರಗು ಹಣೆಯವರೆಗೆ ಎಳೆದು, ಅಡುಗೆಮನೆಗೆ ಹೋಗುತ್ತಿದ್ದಳು. ನಮ್ಮ ತಲೆಗೆಲ್ಲ ಎಣ್ಣೆ ಒತ್ತುತ್ತಿದ್ದವಳು ಅವಳೇ. ಕೈಗಂಟಿದ ಜಿಡ್ಡನ್ನು ಮಾತ್ರ ಸೀಗೆಪುಡಿಯಿಂದ ತಿಕ್ಕಿ ತೊಳೆದುಬಿಡುತ್ತಿದ್ದಳು.

ಅದನ್ನು ಊರವರು ವೈರಾಗ್ಯ ಎಂದರು. ನನಗೆ ಒಪ್ಪಿಗೆಯಿಲ್ಲ. ಇಟ್ಟುಕೊಳ್ಳುವ ಅಧಿಕಾರವಿದ್ದವರು ಬಿಟ್ಟರೆ ತ್ಯಾಗ. ಅಜ್ಜಿಯ ಉಪವಾಸಕ್ಕೆ ದ್ವಾದಶಿಯ ಪಾರಣೆ ಇತ್ತು, ತಲೆಗೆ ಇರಲಿಲ್ಲ. ಸಾಯುವ ತನಕ ತಿಂಗಳಿಗೊಮ್ಮೆ ಕ್ಷೌರಿಕ ಹಿತ್ತಿಲ ಬಾಗಿಲಿಗೆ ಬರುತ್ತಿದ್ದ, ಮತ್ತು ಮನೆಯ ಗಂಡಸರು ಆ ಹೊತ್ತಿಗೆ ಸರಿಯಾಗಿ ಪಡಸಾಲೆಯಲ್ಲಿ ಪಾರಾಯಣಕ್ಕೆ ಕೂರುತ್ತಿದ್ದರು.