ಗಾಜಿನ ತೊಟ್ಟಿಯ ಹೊಳೆಮೀನು ಮತ್ತು ಬಂಧದ ಪ್ರಶ್ನೆ

ಗಾರಾ ಕುಲದ ಮೀನುಗಳು ಹರಿಯುವ ನೀರಿನಲ್ಲಿ ಕಲ್ಲು ಕಚ್ಚಿಕೊಂಡು ಬದುಕುತ್ತವೆ. ಮೂತಿಯ ಅಡಿಯಲ್ಲಿ ಬಾಯಿ, ಕೆಳತುಟಿಯ ಹಿಂದೆ ದುಂಡಗಿನ ಒಂದು ಮೆತ್ತೆ. ಆ ಮೆತ್ತೆಯನ್ನು ಬಂಡೆಗೆ ಒತ್ತಿ, ಸೆಳವಿಗೆ ಎದುರಾಗಿ ನಿಂತು, ಕಲ್ಲಿನ ಮೇಲಿನ ಲೋಳೆಪಾಚಿಯನ್ನು ಕೆರೆದು ತಿನ್ನುತ್ತವೆ. ಶಿವಮೊಗ್ಗಕ್ಕೂ ಈ ಕುಲಕ್ಕೂ ಹಳೆಯ ನಂಟು. ಮೂತಿಯ ಮೇಲೆ ಕೊಂಬಿನಂಥ ಎರಡು ಉಬ್ಬುಗಳಿರುವ ಗಾರಾ ಬೈಕಾರ್ನ್ಯೂಟಾವನ್ನು 1920ರಲ್ಲಿ ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣ ರಾವ್ ಅವರು ಇಲ್ಲಿನ ತುಂಗೆಯ ಮೀನನ್ನೇ ಆಧಾರವಾಗಿಟ್ಟುಕೊಂಡು ಮೊದಲಿಗೆ ವರ್ಣಿಸಿದರು.

ಇಂಥ ಮೀನನ್ನು ಶಿವಮೊಗ್ಗದ ಬಳಿಯ ಹೊಳಲೂರಿನಂಥ ಊರಿನ ಮನೆಯ ಪಡಸಾಲೆಯ ಎರಡಡಿ ತೊಟ್ಟಿಗೆ ತಂದು ಬಿಟ್ಟರೆ ಮೊದಲ ಕೆಲವು ದಿನ ಎಲ್ಲ ಚೆಂದ. ಮೀನು ಗಾಜಿಗೆ ಅಂಟಿ ನಿಲ್ಲುತ್ತದೆ; ಹೊಳೆಯಲ್ಲಿ ಯಾರಿಗೂ ಕಾಣದ ಅದರ ಹೊಟ್ಟೆ, ತುಟಿ, ಮೆತ್ತೆ, ಬಿಡದೆ ಆಡುವ ಬಾಯಿ, ಎಲ್ಲ ಈ ಕಡೆಯಿಂದ ಕಾಣುತ್ತವೆ. ಹದಿನೈದು ದಿನಕ್ಕೆ ಗಾಜು ಫಳಫಳ. ಮೀನಿನ ಕಷ್ಟ ಶುರುವಾಗುವುದು ಅಲ್ಲಿಂದಲೇ. ಪಾಚಿ ಮುಗಿದಿದೆ, ಮೇಲೆ ತೇಲುವ ಕಾಳು ಅದರ ಬಾಯಿಗೆ ಹೊಂದುವುದಿಲ್ಲ, ಹೊಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ನೀರಿನ ಉಸಿರೂ ಕಡಿಮೆ: 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, ಬೇಸಿಗೆಯಲ್ಲಿ 30 ಡಿಗ್ರಿಗೆ ಏರಿದ ನೀರು ಏಳೂವರೆಯಷ್ಟನ್ನೇ ಹಿಡಿಯಬಲ್ಲದು. ಗುಳ್ಳೆ ಬಿಡುವ ಪಂಪು ಗಾಳಿ ಕೊಟ್ಟೀತು, ಸೆಳವು ಕೊಡಲಾರದು.

ಪ್ರಾಣಿಯನ್ನು ಕೂಡಿಹಾಕುವುದನ್ನು ಭಾರತದ ಧರ್ಮಚಿಂತನೆಯಲ್ಲಿ ಬಹಳ ಹತ್ತಿರದಿಂದ ನೋಡಿದವರು ಜೈನರು. ಅವರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಹೇಳುತ್ತದೆ: ಕಟ್ಟುವುದು, ಹೊಡೆಯುವುದು, ಅಂಗ ಕೊಯ್ಯುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಡೆಯುವುದು. ಹೊಡೆತಕ್ಕಿಂತ ಮೊದಲು ಬಂದಿರುವುದು ಬಂಧ. ಇದು ಆತ್ಮಕ್ಕೆ ಅಂಟುವ ಕರ್ಮಬಂಧವಲ್ಲ, ಹಗ್ಗದ ಬಂಧ. ಪೂಜ್ಯಪಾದರ ಸರ್ವಾರ್ಥಸಿದ್ಧಿ ವ್ಯಾಖ್ಯಾನದ ಪ್ರಕಾರ, ಜೀವಿ ತನಗೆ ಬೇಕಾದ ಜಾಗಕ್ಕೆ ಹೋಗದಂತೆ ತಡೆಯುವುದೆಲ್ಲ ಬಂಧವೇ. ಸದಾ ಒಂದೇ ಕಲ್ಲಿಗೆ ಅಂಟಿಕೊಂಡಿರುವ ಮೀನಿಗೆ ಹೋಗಬೇಕಾದ ಜಾಗ ಯಾವುದು ಎಂದು ಸಾಕುವವನು ಕೇಳಬಹುದು. ಮೊದಲ ಮಳೆಗೆ ಹಳ್ಳ ಗದ್ದೆಗಳಿಗೆ ಏರಿ ಬರುವ ಹತ್ತುಮೀನನ್ನು ಕಂಡ ಮಲೆನಾಡಿಗರು ಈ ಪ್ರಶ್ನೆ ಕೇಳಲಾರರು. ಅಂಟಿ ನಿಲ್ಲುವ ಮೀನಿನ ವಿಷಯದಲ್ಲೂ ಉತ್ತರವಿದೆ: ಮೀನು ನಿಂತಿದ್ದರೂ ಹೊಳೆ ನಿಂತಿರುವುದಿಲ್ಲ. ತೊಟ್ಟಿ ಕಸಿದುಕೊಳ್ಳುವುದು ಆ ಹರಿವನ್ನು.

ಐದನೆಯ ಅತಿಚಾರ ಇಲ್ಲಿ ವೇಷ ಮರೆಸಿಕೊಂಡು ಬರುತ್ತದೆ. ಕಾಳು ಹಾಕಲು ಮರೆತವನಿಗೆ ತಪ್ಪು ಗೊತ್ತಾಗುತ್ತದೆ. ಗಾಜು ತಿಕ್ಕಿ ತೊಳೆದವನಿಗೆ ಗೊತ್ತಾಗುವುದಿಲ್ಲ. ಅವನ ಶುಚಿಯೇ ಮೀನಿನ ಉಪವಾಸ. ಅಂಗಡಿಯಲ್ಲಿ ಇಂಥ ಮೀನು ಬಿಕರಿಯಾಗುವುದೂ ತೊಟ್ಟಿ ತೊಳೆಯುವ ಆಳಾಗಿಯೇ, ಆಳಿಗೆ ಬೇರೆ ಊಟ ಯಾಕೆ ಎಂಬ ಲೆಕ್ಕದಲ್ಲಿ.

ಸಾಕುವವರ ಪರವಾದ ಬಲವಾದ ವಾದವೂ ಹಳೆಯ ಗ್ರಂಥದಲ್ಲೇ ಇದೆ. ಶತಪಥ ಬ್ರಾಹ್ಮಣದ ಕತೆಯಲ್ಲಿ ಮನುವಿನ ಕೈಗೆ ಸಿಕ್ಕ ಪುಟ್ಟ ಮೀನು, ದೊಡ್ಡ ಮೀನುಗಳು ನುಂಗಿಬಿಡುತ್ತವೆ, ಕಾಪಾಡು ಎನ್ನುತ್ತದೆ. ಮನು ಅದನ್ನು ಕೊಡದಲ್ಲಿ ಸಾಕುತ್ತಾನೆ. ಹೊಳೆಯಲ್ಲಿ ಮತ್ಸ್ಯನ್ಯಾಯ, ತೊಟ್ಟಿಯಲ್ಲಿ ಅಭಯ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಕತೆ ಅಷ್ಟಕ್ಕೆ ನಿಲ್ಲುವುದಿಲ್ಲ. ಆಶ್ರಯ ಕೇಳಿದ್ದು ಮೀನು. ಮುಂದಿನ ನೀರು ಯಾವುದೆಂದು ಹೇಳಿದ್ದೂ ಮೀನೇ. ಬೆಳೆದಂತೆ ಕೊಡದಿಂದ ಗುಂಡಿಗೆ, ಗುಂಡಿಯಿಂದ ಕಡಲಿಗೆ ಅದನ್ನು ಸಾಗಿಸಿದ್ದಷ್ಟೇ ಮನುವಿನ ಪಾಲು. ಪಡಸಾಲೆಯ ತೊಟ್ಟಿಯ ಅಳತೆ ಮಾತ್ರ ಗೋಡೆಯ ಅಳತೆಗೆ ತಕ್ಕಂತೆ ಇರುತ್ತದೆ.

ಇದೇ ತುಂಗೆಯಲ್ಲಿ ಇನ್ನೊಂದು ಬಗೆಯ ಅಭಯವೂ ಉಂಟು. ಶೃಂಗೇರಿಯ ಮಠದ ಮೆಟ್ಟಿಲ ಬಳಿ, ತೀರ್ಥಹಳ್ಳಿ ಹತ್ತಿರದ ಛಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನು ಹಿಡಿಯುವಂತಿಲ್ಲ. ಅಲ್ಲಿ ಕಟ್ಟು ಬಿದ್ದಿರುವುದು ಮನುಷ್ಯನ ಕೈಗೆ, ಮೀನಿಗಲ್ಲ. ಭಕ್ತರು ಚೆಲ್ಲುವ ಮಂಡಕ್ಕಿಯನ್ನೂ ಪೂರ್ತಿ ನಿರ್ದೋಷ ಎನ್ನಲಾಗದು. ಮೆಟ್ಟಿಲಿಗೆ ಮುತ್ತುವ ದೊಡ್ಡ ಮೀನುಗಳಿಗೆ ಅದು ಚಟವಾಗುತ್ತದೆ. ಬಂಡೆಯ ಪಾಚಿ ಕೆರೆಯುವ ಚಿಕ್ಕ ಮೀನಿಗೆ ಮಾತ್ರ ಅದರ ಗೊಡವೆ ಇಲ್ಲ.

ಹಾಗಾದರೆ ತೊಟ್ಟಿಯಲ್ಲಿರುವುದನ್ನು ಹೊಳೆಗೆ ಬಿಟ್ಟರಾಯಿತೇ? ಗೃಹಸ್ಥ ದನ ಕಟ್ಟದೆ ಬಾಳಲಾರ ಎಂಬುದನ್ನು ಜೈನ ಶ್ರಾವಕಾಚಾರದ ಗ್ರಂಥಗಳು ಒಪ್ಪುತ್ತವೆ. ಕಟ್ಟುವುದಾದರೆ ಸಡಿಲವಾಗಿ ಕಟ್ಟಬೇಕು, ಬೆಂಕಿ ಬಿದ್ದರೆ ಬಿಚ್ಚುವಂತಿರಬೇಕು ಎನ್ನುತ್ತವೆ. ಕೊಟ್ಟಿಗೆಯ ಮಾತಿನಲ್ಲಿ ಹೇಳುವುದಾದರೆ ಜೀರುಗುಣಿಕೆ ಇರಬೇಕು, ಕಗ್ಗಂಟಲ್ಲ. ತೊಟ್ಟಿಯ ಎಲ್ಲ ಮೀನಿಗೂ ಗಂಟು ಹೀಗೆ ಬಿಚ್ಚುವಂತಿರುವುದಿಲ್ಲ. ಮೀನಿನಂಗಡಿಗಳ ‘ಸಕ್ಕರ್’ ಬಹುಪಾಲು ದಕ್ಷಿಣ ಅಮೆರಿಕದ ಟೆರಿಗೊಪ್ಲಿಕ್ತಿಸ್ ಕುಲದ ಮೀನು. ಬೆರಳುದ್ದ ಇದ್ದಾಗ ಕೊಂಡದ್ದು ಒಂದಡಿ ಮೀರಿ ಬೆಳೆಯುತ್ತದೆ, ಆಗ ಪಾಪ ಬೇಡವೆಂದು ಕೆರೆಗೆ ಬಿಡುತ್ತಾರೆ. ಅದು ದಡ ಕೊರೆದು ಬಿಲ ಮಾಡುತ್ತದೆ, ಊರಿನ ಮೀನುಗಳ ಮೇವಿಗೆ ಬಾಯಿ ಹಾಕುತ್ತದೆ. ಒಂದು ಜೀವದ ಬಿಡುಗಡೆಗೆ ನೂರು ಜೀವ ತೆರಬೇಕಾಗುತ್ತದೆ. ಆ ಗಂಟು ಕೊಂಡ ದಿನವೇ ಕಗ್ಗಂಟಾಗಿತ್ತು. ತುಂಗೆಯಿಂದಲೇ ತಂದ ಗಾರಾಗೆ ಗಂಟು ಬಿಚ್ಚುವಂತಿದೆ, ಅದೂ ಬೇರೆಡೆಯ ಮೀನಿನ ಜೊತೆ ಇಟ್ಟು ರೋಗ ಅಂಟಿಸಿಕೊಳ್ಳದಿದ್ದರೆ, ಹಿಡಿದ ಹಳ್ಳಕ್ಕೇ ಮರಳಿಸುವುದಾದರೆ.

ಬಿಡಲಾಗದ ಮೀನಿಗೆ ಉಳಿಯುವುದು ಅತಿಚಾರವನ್ನು ತಗ್ಗಿಸುವ ಕೆಲಸ. ಹೊಳೆಗಲ್ಲುಗಳನ್ನು ಎರಡು ಸರದಿ ಮಾಡಿ, ಒಂದು ಸರದಿಯನ್ನು ಬಿಸಿಲಿನ ಬೋಗುಣಿಯಲ್ಲಿ ನೆನೆಹಾಕಿ ಹಸಿರುಗಟ್ಟಿಸಿ, ತೊಟ್ಟಿಯ ಬೋಳುಗಲ್ಲಿನ ಜಾಗಕ್ಕೆ ಇಡುವುದು. ಸೌತೆಕಾಯಿಯ ಬಿಲ್ಲೆ ಮುಳುಗಿಸುವುದು. ಒಂದು ತುದಿಯಿಂದ ನೀರು ನೂಕುವ ಮೋಟಾರು ಹಾಕುವುದು. ಮೂರು ಬದಿಯ ಗಾಜನ್ನು ತಿಕ್ಕದೆ ಬಿಡುವುದು. ನೋಡಲು ತೊಟ್ಟಿ ಕೊಳಕಾಗುತ್ತದೆ. ಸತ್ತ ಮೀನಿನ ಜಾಗಕ್ಕೆ ಇನ್ನೊಂದನ್ನು ತರುವಾಗ ಮಾತ್ರ ಬಂಧದ ಪ್ರಶ್ನೆ ಮತ್ತೆ ಮೊದಲಿನಿಂದ ಏಳುತ್ತದೆ.