ಕಾರಣ ಕೇಳುವ ಹಕ್ಕು

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ಐವತ್ತು ದಾಟಿದವರು ಕೂತಲ್ಲೇ ನಾಲ್ಕು ಜಿಲ್ಲೆ ಕಂಡಿದ್ದಾರೆ. ಹುಟ್ಟಿದಾಗ ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರ ಮೇ ತಿಂಗಳಿಂದ ಬೆಂಗಳೂರು ದಕ್ಷಿಣ. ಮನೆ ಅಲ್ಲೇ ಇದೆ, ಹೊಲವೂ ಅಲ್ಲೇ ಇದೆ. ಬೆಂಗಳೂರಿನ ಹೆಸರು ಸೇರಿದರೆ ಜಮೀನಿಗೆ ಬೆಲೆ ಬರುತ್ತದೆ, ಕೈಗಾರಿಕೆ ಬರುತ್ತದೆ ಎಂಬುದು ಕೊನೆಯ ಬದಲಾವಣೆಗೆ ಸರ್ಕಾರದ ಕಡೆಯಿಂದ ಬಂದ ಸಮರ್ಥನೆ. ಅದನ್ನು ಒಪ್ಪಿದವರೂ ಇದ್ದಾರೆ, ರಾಮನಗರದ ಹೆಸರು ಹೋಯಿತಲ್ಲ ಎಂದು ನೊಂದವರೂ ಇದ್ದಾರೆ. ಇಬ್ಬರೂ ಒಂದು ಮಾತನ್ನು ಸಮಾನವಾಗಿ ಆಡಬಹುದು: ನಮ್ಮನ್ನು ಯಾರು ಕೇಳಿದರು?

ರಾಜಕೀಯ ತತ್ತ್ವಶಾಸ್ತ್ರದಲ್ಲಿ ಉತ್ತರದಾಯಿತ್ವ ಎಂದು ಕರೆಯುವ ವಿಚಾರವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ. ನನ್ನ ಬದುಕಿನ ಮೇಲೆ ಒಬ್ಬರಿಗೆ ಅಧಿಕಾರವಿದ್ದರೆ, ಅದನ್ನು ಬಳಸಿದ್ದಕ್ಕೆ ಕಾರಣ ಹೇಳುವ ಋಣ ನನಗೆ ಅವರಿಂದ ಸಲ್ಲಬೇಕು. ಆ ಕಾರಣವನ್ನು ನಾನು ಪ್ರಶ್ನಿಸುವಂತಿರಬೇಕು. ಉತ್ತರ ಸರಿಯಿಲ್ಲದಿದ್ದರೆ ಅದರಿಂದ ಏನಾದರೂ ಬದಲಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಬರೀ ಹೇಳಿಕೆ. ತೀರ್ಮಾನ ನಮಗೆ ವಿರುದ್ಧವಾಗಿ ಬಂದಾಗ ಆಗುವ ಬೇಸರ ಬೇರೆ, ಕಾರಣವನ್ನೇ ಹೇಳದೆ ತೀರ್ಮಾನ ಹೇರಿದಾಗ ಆಗುವ ಅವಮಾನ ಬೇರೆ. ನಾಡಕಚೇರಿಯಿಂದ ‘ಮೇಲಿಂದ ಆರ್ಡರ್ ಬಂದಿಲ್ಲ’ ಎಂಬ ಒಂದೇ ಮಾತು ಹೊತ್ತು ಹಿಂದಿರುಗುವವರ ಸಿಟ್ಟು ಎರಡನೆಯ ಬಗೆಯದು.

ಒಳ್ಳೆಯ ಆಡಳಿತವನ್ನೂ ಉತ್ತರದಾಯಿತ್ವವನ್ನೂ ಒಂದೇ ಎಂದುಕೊಳ್ಳುವ ರೂಢಿ ನಮ್ಮಲ್ಲಿದೆ. ಮಾಗಡಿ ಸೀಮೆಯಲ್ಲಿ ಕೆಂಪೇಗೌಡರ ವಂಶದವರನ್ನು ಜನ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ, ನೆನೆಯಬೇಕಾದ್ದೇ. ಆದರೆ ಪಾಳೆಯಗಾರರು ಎಷ್ಟೇ ಧರ್ಮಿಷ್ಠರಾಗಿದ್ದರೂ, ಈ ಕೆರೆ ಇಲ್ಲೇಕೆ, ನಮ್ಮೂರಿಗೇಕಿಲ್ಲ ಎಂದು ಹಕ್ಕಿನಿಂದ ಕೇಳುವ ಜಾಗ ರೈತನಿಗಿರಲಿಲ್ಲ. ಕೊಟ್ಟರೆ ಕೈಮುಗಿಯಬೇಕಿತ್ತು. ಗಣರಾಜ್ಯವಾಗಿ ಇಷ್ಟು ವರ್ಷವಾದ ಮೇಲೂ ಜನಪ್ರತಿನಿಧಿಗಳು ವೇದಿಕೆ ಹತ್ತಿ ನಿಮ್ಮೂರಿಗೆ ಇಷ್ಟು ಕೋಟಿ ಕೊಟ್ಟೆ ಎನ್ನುವುದೂ, ನಾವು ಹಾರ ಹಾಕುವುದೂ ಆ ಕಾಲದ ಪಳೆಯುಳಿಕೆ. ತೆರಿಗೆಯ ಹಣ ದಾನದ ವೇಷ ತೊಟ್ಟ ಕೂಡಲೇ ಪ್ರಶ್ನೆ ಕೇಳುವವನು ಉಪಕಾರ ಮರೆತವನಾಗಿಬಿಡುತ್ತಾನೆ.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಪರೀಕ್ಷೆ ಕೊಟ್ಟಿದ್ದಾನೆ. ಬೇರೆಯವರ ಹಕ್ಕನ್ನು ತಟ್ಟುವ ಕೆಲಸವೊಂದರ ಹಿಂದಿನ ಉದ್ದೇಶವನ್ನು ಬಹಿರಂಗವಾಗಿ ಹೇಳಿಕೊಳ್ಳಲು ಆಗುವುದಿಲ್ಲ, ಹೇಳಿದರೆ ಆ ಕೆಲಸವೇ ಕೆಡುತ್ತದೆ ಎಂದಾದರೆ ಆ ಕೆಲಸ ಅನ್ಯಾಯದ್ದು. ನಮ್ಮ ಸೀಮೆಗೆ ಇದಕ್ಕಿಂತ ಹೊಂದುವ ಪರೀಕ್ಷೆ ನನಗೆ ಕಂಡಿಲ್ಲ. ಹಳ್ಳಿಗೆ ಅಧಿಸೂಚನೆಗಿಂತ ಮೊದಲು ದಲ್ಲಾಳಿ ಬಂದ ಎಂದರೆ, ಯಾರಿಗೋ ಮೊದಲೇ ತಿಳಿದಿತ್ತು, ಹೊಲದ ಒಡೆಯನಿಗೆ ಮಾತ್ರ ತಿಳಿದಿರಲಿಲ್ಲ ಎಂದರ್ಥ. 2006–07ರ ಹೊತ್ತಿಗೆ ಬೆಂಗಳೂರಿನ ಸುತ್ತ ಐದು ಉಪನಗರಗಳ ಮಾತು ಬಂತು: ಬಿಡದಿ, ರಾಮನಗರ, ಸಾತನೂರು, ನಂದಗುಡಿ ಮತ್ತು ಆಗ ಮಾಗಡಿ ತಾಲ್ಲೂಕಿನದೇ ಆಗಿದ್ದ ಸೋಲೂರು. ಆಮೇಲೆ ವರ್ಷಗಟ್ಟಲೆ ಯೋಜನೆ ನೆನೆಗುದಿಗೆ ಬಿತ್ತು. 2025ರಲ್ಲಿ ಬಿಡದಿಯ ಯೋಜನೆ ಮತ್ತೆ ಎದ್ದು, ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ 7,000ಕ್ಕೂ ಹೆಚ್ಚು ಎಕರೆಗೆ ಅಧಿಸೂಚನೆಯಾಯಿತು, ರೈತರು ಧರಣಿ ಕೂತರು. ಉಪನಗರ ಬೇಕೋ ಬೇಡವೋ ಎಂಬುದು ವಾದಿಸಬಹುದಾದ ವಿಷಯ. ಆದರೆ ಮಗಳ ಮದುವೆಗೋ ಕೊಳವೆಬಾವಿಗೋ ಜಮೀನನ್ನೇ ನಂಬಿದ ಸಂಸಾರಕ್ಕೆ, ಹತ್ತು ಹದಿನೈದು ವರ್ಷ ಈ ಜಮೀನು ನಮಗೆ ಉಳಿಯುತ್ತದೋ ಇಲ್ಲವೋ ಎಂಬುದನ್ನು ಹೇಳುವವರು ಬೇಕಿತ್ತು.

ಹೇಳಬೇಕಾದವರು ಯಾರು? ಗ್ರಾಮ ಆಡಳಿತಾಧಿಕಾರಿ ತಹಶೀಲ್ದಾರರ ಕಡೆ, ತಹಶೀಲ್ದಾರರು ಜಿಲ್ಲಾಧಿಕಾರಿಯ ಕಡೆ, ಜಿಲ್ಲಾಧಿಕಾರಿ ವಿಧಾನಸೌಧದ ಕಡೆ ಕೈ ತೋರಿಸಬಹುದು. ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಅಮೆರಿಕದ ರಾಜಕೀಯ ಚಿಂತಕ ಡೆನಿಸ್ ಥಾಂಪ್ಸನ್ 1980ರಲ್ಲಿ ಇದಕ್ಕೆ ‘ಹಲವು ಕೈಗಳ ಸಮಸ್ಯೆ’ ಎಂದು ಹೆಸರಿಟ್ಟರು. ಹಲವರ ಕೈ ದಾಟಿ ಬಂದ ತೀರ್ಮಾನಕ್ಕೆ ಕೊನೆಗೆ ಯಾರೂ ವಾರಸುದಾರರಿಲ್ಲದಂತಾಗುತ್ತದೆ. ಕೈಗಳು ಹೆಚ್ಚಾದ ಮಾತ್ರಕ್ಕೆ ಹೊಣೆ ತೆಳ್ಳಗಾಗುವುದಿಲ್ಲ ಎಂಬುದು ಅವರ ವಾದದ ಸಾರ. ಗೊತ್ತಿದ್ದೂ ಸಹಿ ಹಾಕಿದವರ, ತಡೆಯಲು ಆಗುತ್ತಿದ್ದರೂ ಸುಮ್ಮನಿದ್ದವರ ಪಾಲನ್ನು ಒಬ್ಬೊಬ್ಬರಾಗಿ ಕೇಳಲೇಬೇಕು.

ಕೇಳುವವರೂ ಒಂದೇ ಗುಂಪಾಗಿರುವುದಿಲ್ಲ. ಹೇಮಾವತಿ ಲಿಂಕ್ ಕೆನಾಲ್ ನೋಡಿ. ಕುಣಿಗಲ್, ಮಾಗಡಿ ಕಡೆಯ ಕೆರೆಗಳಿಗೆ ನೀರು ತರುವ ಈ ಕಾಲುವೆಗಾಗಿ ಇಲ್ಲಿನವರು ಕಾಯುತ್ತಿದ್ದರೆ, ನಮ್ಮ ಪಾಲಿನ ನೀರು ಹೋಗುತ್ತದೆಂದು ತುಮಕೂರು ಜಿಲ್ಲೆಯ ರೈತರು 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಬೀದಿಗಿಳಿದರು. ಇಬ್ಬರನ್ನೂ ಮೆಚ್ಚಿಸುವ ತೀರ್ಮಾನ ಇರಲಾರದು. ಇಬ್ಬರ ಮುಂದೆಯೂ ಒಂದೇ ಲೆಕ್ಕ ಇಡಬಹುದು: ಎಷ್ಟು ನೀರು, ಯಾವ ತಿಂಗಳು, ಕೊರತೆಯ ವರ್ಷದಲ್ಲಿ ಮೊದಲು ಯಾರಿಗೆ. ಗುಬ್ಬಿಯಲ್ಲಿ ಒಂದು ಲೆಕ್ಕ, ಮಾಗಡಿಯಲ್ಲಿ ಇನ್ನೊಂದು ಹೇಳಿದರೆ ಕಾಂಟನ ಪರೀಕ್ಷೆಯಲ್ಲಿ ಸೋತಂತೆ.

ಚುನಾವಣೆ ಇದೆಯಲ್ಲ ಎನ್ನಬಹುದು. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುತ್ತಾ ಅಂಬೇಡ್ಕರ್ ಇದಕ್ಕೆ ಉತ್ತರ ಕೊಟ್ಟಿದ್ದರು. ಸ್ಥಿರತೆ ತುಸು ಕಡಿಮೆಯಾದರೂ ಹೊಣೆಗಾರಿಕೆ ಹೆಚ್ಚಿರುವ ಸಂಸದೀಯ ಪದ್ಧತಿಯನ್ನು ಆರಿಸಿದ್ದೇವೆ, ಏಕೆಂದರೆ ಇದರಲ್ಲಿ ಸರ್ಕಾರದ ಮೌಲ್ಯಮಾಪನ ಚುನಾವಣೆಗೊಮ್ಮೆ ಮಾತ್ರವಲ್ಲ, ದಿನದಿನವೂ ನಡೆಯುತ್ತದೆ ಎಂಬುದು ಅವರ ವಿವರಣೆ. ನಮ್ಮಲ್ಲಿ ಅವಧಿಗೊಮ್ಮೆ ಆಗಬೇಕಾದದ್ದೂ ತಪ್ಪಿದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿದ ಮೇಲೆ, ವರ್ಷಗಟ್ಟಲೆ ಚುನಾಯಿತರಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲೇ ಅವು ನಡೆದವು.

ದಿನದಿನದ ಲೆಕ್ಕಕ್ಕೆ ಹತ್ತಿರದ ರೂಪ ನಮ್ಮ ಗ್ರಾಮ ಪಂಚಾಯಿತಿಯಲ್ಲೇ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಯಬೇಕು. ಹೊರಗಿನ ಅಧಿಕಾರಿ ಬಂದು ಕೂರುತ್ತಾರೆ, ಪಿಡಿಒ ಹಿಂದಿನ ವರ್ಷದ ಜಮಾ ಖರ್ಚು ಓದುತ್ತಾರೆ, ರಶೀದಿ, ಓಚರ್, ಅಳತೆ ಪುಸ್ತಕ ಮೇಜಿನ ಮೇಲಿರುತ್ತವೆ. ಚರಂಡಿಗೆ ಬಿಲ್ ಆಗಿದೆ, ಚರಂಡಿ ಎಲ್ಲಿ ಎಂದು ಯಾರಾದರೂ ಎದ್ದು ಕೇಳಿದರೆ, ಟೇಪು ಹಿಡಿದು ಹೋಗಿ ಅಳೆಯಬಹುದು. ಪ್ರಾಚೀನ ಅಥೆನ್ಸಿನಲ್ಲಿ ಅಧಿಕಾರಾವಧಿ ಮುಗಿದವರೆಲ್ಲ ಲೆಕ್ಕ ಒಪ್ಪಿಸಬೇಕಿತ್ತು, ಸಾಮಾನ್ಯ ನಾಗರಿಕನೂ ದೂರು ಹೊರಿಸಬಹುದಿತ್ತು. ಜಮಾಬಂದಿ ಆ ಜಾತಿಗೇ ಸೇರಿದ್ದು. ಹಲವು ಕಡೆ ಇದು ಕಾಗದದ ಮೇಲೇ ಮುಗಿಯುತ್ತದೆ, ನಿಜ. ಆದರೂ ವ್ಯವಸ್ಥೆ ಇದೆ.

ನನ್ನನ್ನು ಕಾಡುವುದು, ಮೇಲೆ ಹೋದಂತೆ ಇದು ಸಡಿಲವಾಗುವ ಪರಿ. ಎರಡು ಲಕ್ಷದ ಚರಂಡಿಗೆ ಊರೆದುರು ಲೆಕ್ಕ, ಸಾವಿರಾರು ಎಕರೆಯ ತೀರ್ಮಾನಕ್ಕೆ ಮುಚ್ಚಿದ ಕೋಣೆ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಕಡ್ಡಾಯ ಮಾಡಿತು. 2019ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕೆಲವು ಬಗೆಯ ಯೋಜನೆಗಳಿಗೆ ಅದರಿಂದ ವಿನಾಯಿತಿಯ ದಾರಿ ತೆರೆಯಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು 2022ರ ಏಪ್ರಿಲಿನಿಂದ ಧರಣಿ ಕೂರಬೇಕಾಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟರು. ಮೊದಲ ತಿಂಗಳಲ್ಲೇ ಊರಿಗೆ ಬಂದು ಹೇಳಬಹುದಾಗಿದ್ದ ಉತ್ತರಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋಯಿತು.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನ ಪ್ರಕಾರ, ಮಹತ್ವದ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಸರ್ಕಾರ ತಾನಾಗಿಯೇ ಪ್ರಕಟಿಸಬೇಕು, ತನ್ನ ತೀರ್ಮಾನಗಳಿಗೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕು. ಅರ್ಜಿ ಹಾಕಿ ಹತ್ತು ರೂಪಾಯಿ ಕಟ್ಟಿ ಕೇಳುವ ಮಾಹಿತಿಯಲ್ಲ ಇದು. ಹಾಗಾಗಿ ಮುಂದೆ ತಿಪ್ಪಸಂದ್ರದ ಕಡೆಗೆ ಯಾವುದೇ ದೊಡ್ಡ ಯೋಜನೆ ಬಂದರೂ, ಅದರ ಕಡತ ಅಧಿಸೂಚನೆಗಿಂತ ಮೊದಲು ಗ್ರಾಮಸಭೆಯ ಮೇಜಿಗೆ ಬರಲಿ ಎಂದು ಪಂಚಾಯಿತಿ ಇವತ್ತೇ ಠರಾವು ಮಾಡಬಹುದು.